ಗದಿಗೆಪ್ಪನ ಉಣ್ಣಿಸಂಹಾರಿ

"ಅಕ್ಕಾ, ಇವತ್ತಿನಿಂದ ನಿನ್ನ ಕುರಿ ಮೈಮ್ಯಾಲೆ ಒಂದೂ ಉಣ್ಣಿ ಉಳಿಯಂಗಿಲ್ಲ ನೋಡು!"

ಹೀಗೆಂದು ಗದಿಗೆಪ್ಪ ಅಂಗಳದ ನಡುವೆ ನಿಂತು ಸೀರೆಯ ಪರದೆಯನ್ನು ಸರ್ರನೆ ಎಳೆದ. ನೆರೆದ ಊರವರೆಲ್ಲ "ಹೋ!" ಎಂದರು. ಅವನ ಅಕ್ಕ ಹಾಲವ್ವ ಮಾತ್ರ ಎನ್ನಲಿಲ್ಲ. ಪರದೆಯಾಗಿದ್ದ ಸೀರೆ ತನ್ನದೇ ಎಂದು ಗುರುತು ಹಿಡಿದು ಹಲ್ಲು ಕಚ್ಚಿದಳು, ಆಮೇಲೆ ಅದರ ಹಿಂದಿದ್ದುದನ್ನು ನೋಡಿದಳು.

ಎಂಟು ಕಾಲು. ಬೆಳೆಗೆ ಔಷಧ ಹೊಡೆಯುವ ಪಂಪೇ ಹೊಟ್ಟೆ. ತಲೆ ಇರಬೇಕಾದಲ್ಲಿ ಒಂದು ರೇಡಿಯೋ. ಎರಡೂ ಬದಿಗೆ ಇಕ್ಕಳದಂಥ ಉದ್ದನೆಯ ಕೈ. ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ 'ಉಣ್ಣಿಸಂಹಾರಿ' ಎಂದು ಬರೆದಿತ್ತು.

"ಇದಽ ಒಂದು ದೊಡ್ಡ ಉಣ್ಣಿ ಇದ್ದಂಗ ಐತಲ್ಲೊ!"

"ಮುಳ್ಳನ್ನ ಮುಳ್ಳಿನಿಂದಽ ತಗೀಬೇಕಕ್ಕಾ!"

"ಹಂಗಾರ ಹುಚ್ಚನ್ನ ಯಾತರಿಂದ ತಗೀಬೇಕು?"

ತಮ್ಮನ ಮಿಷನ್ನುಗಳನ್ನು ಹಾಲವ್ವ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಹಿಂದೊಮ್ಮೆ ಅವನು ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ರೊಟ್ಟಿ ಬಿಟ್ಟು, ಊಟಕ್ಕೆ ಕೂತ ಬೀಗರನ್ನು ಬಡಿದಿತ್ತು! ಆದರೆ ಈ ಸಲ ಕಣ್ಣುತಪ್ಪಿಯೂ ಒಂದು ಉಣ್ಣಿ ಉಳಿಯುವಂತಿರಲಿಲ್ಲ, ಅವಳಿಗೆ ಬೇರೆ ದಾರಿ ಇರಲಿಲ್ಲ. ಗುಡ್ಡದ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಪಕ್ಕದ ಊರಿನಲ್ಲಿ ಮಂಗನ ಕಾಯಿಲೆಯ ಜ್ವರ ಬಂದು ಕೆಲವರು ದವಾಖಾನೆ ಸೇರಿದ್ದರು. ಕಾಡಿನ ಉಣ್ಣಿ ಕಚ್ಚಿದರೆ ಬರುವ ರೋಗವಂತೆ. ಕಂಬಳಿಕೊಪ್ಪದವರು ಹೆದರಿ ಗುಡಿಯ ಕಟ್ಟೆಯ ಮೇಲೆ ಠರಾವು ಮಾಡಿದರು: ದನದ ಡಾಕ್ಟರಮ್ಮ ಬಂದು ನೋಡಲಿ, ಯಾರ ಕುರಿಯ ಮೇಲೆ ಉಣ್ಣಿ ಸಿಗುತ್ತದೋ ಅವರ ಹಿಂಡು ಹಳ್ಳದಾಚೆ ಹೋಗಲಿ. ಹಳ್ಳದಾಚೆ ತೋಳಗಳಿದ್ದವು. ಅಲ್ಲಿಗೆ ಹಿಂಡು ಹೋಯಿತೆಂದರೆ ಹಾಲವ್ವನ ಬದುಕೂ ಹೋದಂತೆಯೇ. ಡಾಕ್ಟರಮ್ಮ ಬರುವುದು ಅಂದೇ ಇತ್ತು.

ಅದಕ್ಕೇ ಅವಳು ಎಲ್ಲರನ್ನೂ ಸಂಶಯದಿಂದ ನೋಡುತ್ತಿದ್ದಳು. ಪಂಚಾಯ್ತಿ ಮೆಂಬರ್ ಉಡಚಪ್ಪ ಸುಮ್ಮನೆ ಮೈ ತುರಿಸಿಕೊಂಡರೂ "ಯಾಕ ಮೆಂಬರ್ರ, ನಿಮ್ಮ ಮೈಮ್ಯಾಗ ಏನೋ ಹರದಾಡಾಕತ್ತೈತೇನು?" ಎಂದು ಕೇಳುತ್ತಿದ್ದಳು.

ಗದಿಗೆಪ್ಪ ಹಿಂದಿನ ರಾತ್ರಿಯೇ ತನ್ನ ಶೆಡ್ಡಿನ ಬಾಗಿಲಿಗೆ ಕಟ್ಟಿದ್ದ ಹಿಂಡಿನ ಟಗರನ್ನು ಬಿಚ್ಚಿ ತಂದು ನಿಲ್ಲಿಸಿದ. ರೇಡಿಯೋದ ಕಿವಿ ಹಿಂಡಿದ.

"ನಮಸ್ಕಾರ. ನಾನು ಉಣ್ಣಿಸಂಹಾರಿ. ಅಪ್ಪಣೆಯಾಗಲಿ" ಎಂದಿತು ಮಿಷನ್ನು, ವಾರ್ತೆ ಓದುವ ದನಿಯಲ್ಲಿ.

"ಉಣ್ಣಿ ತಗಿ!"

"ಆಗಲಿ. ಉಣ್ಣಿ ತೆಗೆಯಲಾಗುವುದು."

ಗಿರ್ರ್ ಎಂದು ಧೂಳೆದ್ದಿತು. ಧೂಳಿಳಿದಾಗ ಟಗರು ಸುಲಿದ ಶೇಂಗಾದ ಹಾಗೆ ನಿಂತಿತ್ತು! ಮೈಮೇಲೆ ಒಂದೆಳೆ ಕೂದಲಿಲ್ಲ. ಅದು ತನ್ನ ಬೆನ್ನನ್ನು ತಾನೇ ತಿರುಗಿ ನೋಡಿಕೊಂಡು, ನಾಚಿಕೆಯಿಂದ ಗೋಡೆಯ ಮರೆಗೆ ಸರಿಯಿತು.

"ಏ ಗದಿಗ್ಯಾ!" ಹಾಲವ್ವ ಕಿರುಚಿದಳು. "ಇದು ಉಣ್ಣಿ ತಗದಿಲ್ಲಲೇ, ಉಣ್ಣಿ ತಗದೈತಿ!"

ಕಂಬಳಿಕೊಪ್ಪ ಕಂಬಳಿ ನೇಯುವ ಊರು. ಅಲ್ಲಿ ಕುರಿಯ ರಕ್ತ ಕುಡಿಯುವ ಹುಳವೂ ಉಣ್ಣಿ, ಕಂಬಳಿ ನೇಯುವ ಉಣ್ಣೆಯೂ ಜನರ ಬಾಯಲ್ಲಿ ಉಣ್ಣಿ. ಇದರಿಂದ ಯಾರಿಗೂ ಯಾವತ್ತೂ ತೊಡಕಾಗಿರಲಿಲ್ಲ. ಮಿಷನ್ನಿಗೆ ಆಯಿತು. ಗದಿಗೆಪ್ಪ ಅದಕ್ಕೆ ನಿಘಂಟಿನ ಜೊತೆಗೆ ಊರ ಮಾತನ್ನೂ ಕಲಿಸಿದ್ದ, ಅದು ಮೊದಲು ಸಿಕ್ಕ ಅರ್ಥಕ್ಕೇ ಜೋತುಬಿದ್ದಿತ್ತು.

"ನಿಂದ್ರಸೋ ಅದನ್ನ! ನಿಂದ್ರಸೂ ಗುಂಡಿ ಎಲ್ಲೈತಿ?"

"ಗುಂಡಿ ಇಟ್ಟಿಲ್ಲಕ್ಕಾ. ಮಾತು ಕೇಳತೈತಲ್ಲ, ಗುಂಡಿ ಯಾಕ ಅಂತ..."

ಅಷ್ಟರಲ್ಲಿ ಮಿಷನ್ನು ಹಿಂಡಿನೊಳಗೆ ನುಗ್ಗಿ ಎಲ್ಲ ಕುರಿಗಳನ್ನೂ ಬೋಳಿಸಿತು. ಅದೂ ಸಾಲದೆಂದು ಜನರ ಕಡೆ ತಿರುಗಿತು. ಚಳಿಗಾಲದ ಬೆಳಗು, ಎಲ್ಲರ ಮೈಮೇಲೂ ಉಣ್ಣಿಯೇ! ಪೂಜಾರಿಯ ಕಂಬಳಿ ಹೋಯಿತು. ಟೀಚರಮ್ಮನ ಶಾಲು ಹೋಯಿತು. ಉಡಚಪ್ಪನ ಮಂಕಿ ಕ್ಯಾಪು ಹೋಗಿ, ಊರು ಇದುವರೆಗೆ ಕಾಣದಿದ್ದ ಅವನ ಬೋಳುತಲೆ ಬಿಸಿಲಿಗೆ ಮಿಂಚಿತು. ಪಕ್ಕದ ಮನೆಯ ಮಗ್ಗದ ಮೇಲಿದ್ದ ಅರೆನೇಯ್ದ ಕಂಬಳಿಯನ್ನೂ ಅದು ಬಿಡಲಿಲ್ಲ. ಅಂಗಳದ ನಡುವೆ ಉಣ್ಣೆಯ ಗುಡ್ಡವೇ ಎದ್ದಿತು.

"ಏ, ನಿಲ್ಲಲೇ!" ಗದಿಗೆಪ್ಪ ಅದರ ಹಿಂದೆ ಓಡುತ್ತ ಕೂಗಿದ. "ಆ ಉಣ್ಣಿ ಅಲ್ಲ! ರಕ್ತಾ ಕುಡಿಯೂ ಉಣ್ಣಿ!"

ಮಿಷನ್ನು ಗಕ್ಕನೆ ನಿಂತಿತು. "ತಪ್ಪು ತಿದ್ದಿಕೊಳ್ಳಲಾಗಿದೆ. ರಕ್ತ ಕುಡಿಯುವ ಉಣ್ಣಿಯನ್ನು ತೋರಿಸಿ, ಹಿಡಿಯುತ್ತೇನೆ."

ಅದೇ ಹೊತ್ತಿಗೆ ಜೀಪು ಬಂದು ನಿಂತಿತು. ದನದ ಡಾಕ್ಟರಮ್ಮ ಇಳಿದು, ಬೋಳು ಕುರಿಗಳನ್ನೂ ಬೋಳು ಮೆಂಬರನ್ನೂ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಕೂದಲಿಲ್ಲದ ಕುರಿಯನ್ನು ಪರೀಕ್ಷೆ ಮಾಡುವುದು ಬಲು ಸುಲಭ. ಹಿಂಡಿನ ಒಂದು ಕುರಿಯ ಮೇಲೂ ಉಣ್ಣಿ ಇರಲಿಲ್ಲ. ಹಾಲವ್ವ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಡಾಕ್ಟರಮ್ಮ ಟಗರಿನ ಕಿವಿ ಮಡಚಿ ನೋಡಿದರು. ಅವರ ನಗು ನಿಂತಿತು.

"ಇಲ್ಲಿ ಅದಾವ ನೋಡ್ರಿ. ಕುರಿದೊಡ್ಡಿ ಉಣ್ಣಿ ಅಲ್ಲವ್ವಾ ಇವು. ಕಾಡಿನವು."

"ಮುಗೀತಲ್ಲ!" ಉಡಚಪ್ಪ ತಲೆ ಮುಚ್ಚಿಕೊಂಡೇ ಗುಡುಗಿದ. "ಠರಾವು ಅಂದ್ರ ಠರಾವು. ಹಿಂಡು ಹಳ್ಳದಾಚೆ!"

ಹಾಲವ್ವ ಹಿಂಡಿಗೆ ಅಡ್ಡ ನಿಂತಳು. "ನಿನ್ನಿ ನಾನಽ ಬಾಚಣಿಕಿ ಹಾಕಿ ನೋಡೇನ್ರಿ, ಒಂದೂ ಇರ್ಲಿಲ್ಲ! ಯಾರೋ ತಂದು ಬಿಟ್ಟಾರ!"

ಅವಳ ಕಣ್ಣು ಉಡಚಪ್ಪನ ನಾಯಿಯ ಮೇಲೆ ಹೋಯಿತು, ಪಕ್ಕದ ಮನೆಯವರ ಮೇಲೆ ಹೋಯಿತು, ಡಾಕ್ಟರಮ್ಮನ ಪೆಟ್ಟಿಗೆಯ ಮೇಲೂ ಒಂದು ಗಳಿಗೆ ನಿಂತಿತು. ಆಮೇಲೆ ಅವಳಿಗೆ ಹೊಳೆಯಿತು. ಉಣ್ಣಿ ಇದ್ದದ್ದು ಟಗರಿನ ಮೇಲೆ ಮಾತ್ರ. ಟಗರು ರಾತ್ರಿಯೆಲ್ಲ ಇದ್ದದ್ದು ಶೆಡ್ಡಿನ ಬಾಗಿಲಲ್ಲಿ. ತಿರುಗಿ ನೋಡಿದರೆ ತಮ್ಮ ಮೋಡವಿಲ್ಲದ ಆಕಾಶದಲ್ಲಿ ಮೋಡ ಹುಡುಕುತ್ತಿದ್ದ.

"ಗದಿಗ್ಯಾ. ಖರೇ ಹೇಳು."

"ಅಲ್ಲಕ್ಕಾ... ನಿನ್ನ ಕುರಿ ಮೈಮ್ಯಾಲೆ ಒಂದೂ ಉಣ್ಣಿ ಇರ್ಲಿಲ್ಲಲ್ಲ."

"ಅದಕ್ಕ?"

"ಮಿಷನ್ ತೋರಸಾಕ ಉಣ್ಣಿ ಬೇಕಲ್ಲ! ಗುಡ್ಡಕ್ಕ ಹೋಗಿ, ಪೊದಿ ಮ್ಯಾಲೆ ಪಂಜೆ ಎಳದಾಡಿ, ನಾಕು ಹಿಡಕೊಂಡು ಬಂದು ಟಗರಿಗೆ ಬಿಟ್ಟೆ."

"ಯಾವ ಗುಡ್ಡ? ಮಂಗ ಸತ್ತ ಗುಡ್ಡ?"

"ಅಲ್ಲೇ ಚಲೋ ಸಿಗತಾವು ಅಂದ್ರು."

ಹಾಲವ್ವನ ಸಿಟ್ಟು ನೆತ್ತಿಗೇರಿತು. "ಅಯ್ಯ ನಿನ್ನ ಬಾಯಾಗ ಮಣ್ಣ ಹಾಕ! ಉಂಡ ಮನಿ ಜಂತಿ ಎಣಸಿದೆಲ್ಲೋ! ಊರೆಲ್ಲಾ ಹುಡುಕಿದ್ದಽ ಬಂತು, ರಕ್ತಾ ಕುಡಿಯೂ ಉಣ್ಣಿ ಅಂದ್ರ ನೀನಽ! ನೋಡ್ರಿ ಇಲ್ಲೈತಿ ಉಣ್ಣಿ!"

"ಧನ್ಯವಾದಗಳು" ಎಂದಿತು ಮಿಷನ್ನು.

ಇಕ್ಕಳದ ಕೈ ಚಾಚಿ ಗದಿಗೆಪ್ಪನ ಕಾಲರ್ ಹಿಡಿದು ಎತ್ತಿತು. ಹಿಡಿದ ಉಣ್ಣಿ ಮುಳುಗಿಸಲೆಂದು ಅವನೇ ತುಂಬಿಟ್ಟಿದ್ದ ಸೋಪಿನ ನೀರಿನ ಡ್ರಮ್ಮಿಗೆ ಅವನನ್ನೇ ಅದ್ದಿತು, ಎತ್ತಿತು, ಮತ್ತೆ ಅದ್ದಿತು! "ಅಕ್ಕಾ! ಗುಳುಗುಳು... ಅಕ್ಕಾ!" ಅಂಗಿ ಹರಿದು ಅವನು ದೊಪ್ಪನೆ ಕೆಳಗೆ ಬಿದ್ದ.

"ಅಲ್ಲಾಡಬ್ಯಾಡ್ರಿ!" ಡಾಕ್ಟರಮ್ಮ ಚಿಮಟ ಹಿಡಿದು ಓಡಿ ಬಂದರು. ಗದಿಗೆಪ್ಪನ ಕಂಕುಳಲ್ಲಿ ಜೋಳದ ಕಾಳಿನಷ್ಟು ಉಬ್ಬಿದ ಉಣ್ಣಿಯೊಂದು ಕಚ್ಚಿಕೊಂಡಿತ್ತು.

ಹಾಲವ್ವನ ಸಿಟ್ಟೆಲ್ಲ ಒಮ್ಮೆಗೇ ಇಳಿಯಿತು, ಅವಳು ಓಡಿ ಬಂದು ತಮ್ಮನ ತಲೆ ಹಿಡಿದಳು. ತಾಯಿ ಸತ್ತ ಮೇಲೆ ಈ ಹುಚ್ಚನನ್ನು ಬೆಳೆಸಿದವಳು ಅವಳೇ.

"ಇವಂಗ ಏನೂ ಆಗಂಗಿಲ್ಲಲ್ರೀ?"

"ಈಗಽ ಹೇಳಾಕ ಬರಂಗಿಲ್ಲವ್ವಾ. ದೊಡ್ಡ ದವಾಖಾನಿಗೆ ಒಯ್ಯೂಣು. ಜ್ವರ ಬಂದ್ರ ಮುಚ್ಚಿಡಬಾರದು. ಟಗರಿಗೆ ಔಷಧ ಹಚ್ಚಿ ಬ್ಯಾರೆ ಕಟ್ಟರಿ. ಹಿಂಡಿಗೆ ಏನೂ ಇಲ್ಲ, ಊರಾಗಽ ಇರ್ಲಿ."

ಹಾಲವ್ವ ಉಣ್ಣೆಯ ಗುಡ್ಡದಿಂದ ಕೈಗೆ ಸಿಕ್ಕ ಕಂಬಳಿ ಎಳೆದು ತಮ್ಮನಿಗೆ ಹೊದಿಸಿ, ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ ಜೀಪು ಹತ್ತಿದಳು.

ದೇವರ ದಯೆ, ಜ್ವರ ಬರಲಿಲ್ಲ. ಡಾಕ್ಟರು ಇನ್ನು ಭಯವಿಲ್ಲ ಎಂದ ಮೇಲೆ ಗದಿಗೆಪ್ಪ ಮನೆಗೆ ಬಂದ. ಹೊಸಿಲು ದಾಟಬೇಕು, ಮೂಲೆಯಲ್ಲಿದ್ದ ಮಿಷನ್ನು ಕೈ ಚಾಚಿ ಎದ್ದು ನಿಂತಿತು.

"ಉಣ್ಣಿ ಮರಳಿ ಬಂದಿದೆ. ಹಿಡಿಯಲೇ?"

ಹಾಲವ್ವ ಬಿಸಿ ರೊಟ್ಟಿಯ ತಾಟು ತಂದಿಟ್ಟು, ತಮ್ಮನನ್ನು ಅಡಿಯಿಂದ ಮುಡಿಯವರೆಗೆ ಸಂಶಯದಿಂದ ನೋಡಿದಳು.

"ತಡಿ," ಎಂದಳು. "ಮೊದಲ ಉಣ್ಲಿ."