ಮೌನಿಗಳ ಚರಿತ್ರೆಗೆ ಬಿದ್ದ ನಮ್ಮ ಭಾವ

ನಮ್ಮ ಭಾವ ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಎಂದರೆ ನೀವು ನಂಬಬೇಕಾಗಿಲ್ಲ. ಕಟ್ಟಿಕೊಂಡ ನನ್ನ ಅಕ್ಕನೇ ನಂಬಲಿಲ್ಲ! ಹಲ್ಲುಜ್ಜುವಾಗಲೂ ಮಾತಾಡುವ ಈ ಅಮೆರಿಕದ ರೆಸ್ಟನ್ನಿನ ಮಹಾನುಭಾವರು ಆಫೀಸಿನ ಗೆಳೆಯನೊಬ್ಬನ ಹಿಂದೆ ಹೋಗಿ, ವಾಷಿಂಗ್ಟನ್ನಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸಭೆಗಳ ಚರಿತ್ರೆಗೆ ಬಿದ್ದರು. ಕ್ವೇಕರರ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಭಾನುವಾರ ಬೆಂಚುಗಳ ಮೇಲೆ ಸುಮ್ಮನೆ ಕೂರುವುದೇ ಪ್ರಾರ್ಥನೆ. ಭಾವನಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಮೊದಲ ದಿನ ಶೂ ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಹೋದರಂತೆ. ಪಕ್ಕದ ಅಜ್ಜ ಸಂಕೋಚಪಟ್ಟು ತಮ್ಮದನ್ನೂ ಬಿಚ್ಚಿದರಂತೆ. ಮುಂದಿನ ವಾರ ಬಾಗಿಲಲ್ಲಿ ಆರು ಜೊತೆ!

ಪಕ್ಕದೂರು ಹರ್ನ್‌ಡನ್ನಿನ ಒಂದು ಸೀಮಂತದಲ್ಲಿ ನನ್ನನ್ನು ಹಿಡಿದು ಕೂರಿಸಿಕೊಂಡರು. "ಒಂದೇ ಊರಲ್ಲಿ ಈ ಕ್ವೇಕರರದ್ದೇ ಎರಡು ಪಂಗಡ ಕಣಮ್ಮಾ! ಜಗಳ ಆಡ್ಕೊಂಡು ಬೇರೆ ಬೇರೆ ಕೂತ್ರು. ಸುಮ್ನೆ ಕೂರೋದಕ್ಕೂ ಎರಡು ಬಿಲ್ಡಿಂಗು!"

"ರೀ, ಮೊದ್ಲು ಆ ಬಸುರಿ ಹುಡುಗಿಗೆ ಆರತಿ ಎತ್ತೋಕೆ ಇವಳನ್ನ ಬಿಡಿ," ಎಂದಳು ಅಕ್ಕ.

"ಆಮೇಲೆ ಒಂದಾದ್ರು ಕಣೇ. ಯಾರು ಮೊದ್ಲು ಸಾರಿ ಕೇಳಿದ್ರು ಅಂತ ಹುಡುಕ್ತಾ ಇದೀನಿ."

ಅಕ್ಕ ಆರತಿ ತಟ್ಟೆ ಕೆಳಗಿಟ್ಟಳು. ಭಾವನ ತಮ್ಮ ಇರುವುದು ಸೆಂಟರ್‌ವಿಲ್‌ನಲ್ಲಿ, ಕಾರಿನಲ್ಲಿ ಇಪ್ಪತ್ತು ನಿಮಿಷ. ಅಮ್ಮನ ತಿಥಿ ಹಿರಿಯನ ಮನೆಯಲ್ಲೋ, ಕೊನೆಗಾಲದಲ್ಲಿ ಆಕೆಯಿದ್ದ ಕಿರಿಯನ ಮನೆಯಲ್ಲೋ ಎಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಒಂದೇ ದಿನ ಎರಡು ತಿಥಿ! ಇರುವವರೊಬ್ಬರೇ ಪುರೋಹಿತರು, ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ. ಎರಡೂ ಕಡೆ ಊಟ ಮಾಡಲೇಬೇಕಾದ ಅವರ ಕಷ್ಟ ಯಾರಿಗೆ ಬೇಕು?

ಚಳಿಗಾಲವಿಡೀ ಭಾವ ಸಭೆಯ ಹಳೆಯ ನಡಾವಳಿ ಪುಸ್ತಕಗಳನ್ನು ಜಾಲಾಡಿದರು. ಕ್ಷಮೆ ಕೇಳಿದವರ ಸುದ್ದಿಯೇ ಇಲ್ಲ. ಎರಡೂ ಕಡೆಯವರು ಸ್ವಲ್ಪ ಕಾಲ ಒಂದೇ ಕೋಣೆಯಲ್ಲಿ ಕೂತರು, ಆಮೇಲೆ ಒಂದಾದರು, ಅಷ್ಟೇ. ಇದಕ್ಕಾಗಿ ಇಷ್ಟು ಧೂಳು ಕುಡಿದೆನೇ ಎಂದು ಭಾವ ಒಂದಿಡೀ ದಿನ ಪೆಚ್ಚಾಗಿದ್ದರು. ಮರುದಿನ ತಮ್ಮನಿಗೆ ಫೋನ್ ಮಾಡಿದರು. "ಭಾನ್ವಾರ ಕ್ವೇಕರ್ ಸಭೆಗೆ ಬಾ. ಮಾತಾಡ್ಬೇಕಾಗಿಲ್ಲ. ಪಕ್ಕದಲ್ಲಿ ಕೂತ್ಕೊ, ಸಾಕು."

ಆತ ಬಂದ! ಹಿಂದಿನ ಬೆಂಚಿನಲ್ಲಿ ನಾನು, ಅಕ್ಕ ಕೂತಿದ್ದೆವು. ಒಂದು ಗಂಟೆ ಅಣ್ಣತಮ್ಮಂದಿರು ನೆಲ ನೋಡುತ್ತಿದ್ದರು. ಸಭೆ ಮುಗಿದಾಗ ಪಕ್ಕದವರ ಕೈ ಕುಲುಕುವುದು ಅಲ್ಲಿಯ ಪದ್ಧತಿ. ಎಲ್ಲರೂ ಕುಲುಕಿ ಕಾಫಿಗೆ ಎದ್ದರು. ಇವರಿಬ್ಬರು ಹಿಡಿದ ಕೈ ಬಿಡಲಿಲ್ಲ.

"ಅಣ್ಣಾ, ಈ ಸಲ ಅಮ್ಮನ ತಿಥಿ ನಿನ್ನ ಮನೇಲೇ ಮಾಡೋಣ," ಎಂದ ತಮ್ಮ.

"ಬೇಡ ಕಣೋ," ಎಂದರು ಭಾವ. "ಅವಳು ಕಡೇಲಿ ಇದ್ದಿದ್ದು ನಿನ್ನ ಹತ್ರ ಅಲ್ವಾ? ಅಲ್ಲಿಗೇ ಬರ್ತೀನಿ."

ಅಕ್ಕ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು.