ಸುಣ್ಣದ ಭಟ್ಟಿಯ ಮುಂದೆ ವರಪರೀಕ್ಷೆ

ಹೊಟ್ಟೆ ಕಟ್ಟಿದ ಮನುಷ್ಯನಿಗೆ ಊರೆಲ್ಲ ವೈದ್ಯರೇ. ಒಬ್ಬರು ಹರಳೆಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಬಿಸಿನೀರು ಅನ್ನುತ್ತಾರೆ. ಸುಣ್ಣದ ಭಟ್ಟಿಯ ಹೊಟ್ಟೆ ಕಟ್ಟಿದರೆ ಮಾತ್ರ ಎಲ್ಲರೂ ಸೂಪರ್‌ವೈಜರನ ಮುಖ ನೋಡುತ್ತಾರೆ. ಆ ಮುಖ ನನ್ನದಾಗಿತ್ತು. ನೋಡುವಂಥದ್ದು ಅದರಲ್ಲೇನೂ ಇರಲಿಲ್ಲ.

ಮುನಿರಾಬಾದಿನ ಬಳಿ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿತ್ತು. ಅದಕ್ಕೆ ಸುಣ್ಣ ಸುಟ್ಟುಕೊಡುವ ಗುತ್ತಿಗೆ ನಮ್ಮ ಸಾವಕಾರರದು. ಭಟ್ಟಿ ಎಂದರೆ ಬಾವಿಯೊಂದನ್ನು ಕಿತ್ತು ನೆಲದ ಮೇಲೆ ನಿಲ್ಲಿಸಿದ ಹಾಗೆ. ಮೇಲಿನ ಬಾಯಿಂದ ಒಂದು ಪದರ ಸುಣ್ಣದ ಕಲ್ಲು, ಒಂದು ಪದರ ಕಲ್ಲಿದ್ದಲು ಸುರಿಯಬೇಕು. ಬೆಂದ ಸುಣ್ಣವನ್ನು ಕೆಳಗಿನ ಬಾಯಿಂದ ಎಳೆಯಬೇಕು. ಮೇಲೆ ತಿಂದದ್ದು ಕೆಳಗೆ ಇಳಿದರೆ ಲೋಕವೆಲ್ಲ ಸುಖ. ಆ ವಾರ ಇಳಿಯಲಿಲ್ಲ.

ಬೆಂಕಿ ನೋಡಿಕೊಳ್ಳುತ್ತಿದ್ದ ಖಾಸಿಮಸಾಬ ಇಣುಕಿ ನೋಡಿ, "ಕಲ್ಲು ಕರಗಿ ಗ್ವಾಡಿಗೆ ಹತ್ಯಾವ್ರಿ. ನಡುವ ಗಂಟು ಕಟ್ಟೇತಿ" ಎಂದ. ಬೆಂಕಿ ಸಾಲದಿರಬಹುದೆಂದು ನಾನು ಇನ್ನಷ್ಟು ಇದ್ದಲು ಹಾಕಿಸಿದೆ. ಗಂಟು ಮೈ ಕೈ ತುಂಬಿಕೊಂಡು ಪುಷ್ಟವಾಯಿತು. ಆಮೇಲೆ ಇಬ್ಬರೂ ತಲೆ ಕೆರೆದುಕೊಂಡು ಇದ್ದಲ ರಾಶಿಯ ಮುಂದೆ ಕುಳಿತಾಗಲೇ ತಿಳಿದದ್ದು: ಹೊಸದಾಗಿ ಬಂದದ್ದರಲ್ಲಿ ಅರ್ಧಕ್ಕರ್ಧ ಪುಡಿ. ಆ ಪುಡಿ ಕಲ್ಲಿನ ಸಂದಿಯಲ್ಲಿ ಕೂತು ಗಾಳಿಗೆ ದಾರಿ ಮುಚ್ಚಿತ್ತು. ಒಂದು ಕಡೆ ಬೆಂಕಿಯೇ ಇಲ್ಲ, ಇನ್ನೊಂದು ಕಡೆ ಕಲ್ಲೇ ಕರಗುವಷ್ಟು ಬೆಂಕಿ. ಇದ್ದಲು ಜರಡಿ ಹಿಡಿಸಿದೆವು, ಕಲ್ಲನ್ನು ಒಂದೇ ಅಳತೆಗೆ ಒಡೆಸಿದೆವು, ಬೆಂಕಿ ಇಳಿಸಿದೆವು. ಇನ್ನು ಉಳಿದದ್ದು ಗಂಟು ಕೆಡವುವುದು.

ಸಾವಕಾರರು ಬಂದು ಗುಡುಗಿದರು: "ಅಲ್ಲಿ ಕಟ್ಟಡ ಕಟ್ಟೂ ಗೌಂಡೇರು ಸುಣ್ಣ ಇಲ್ಲದ ಕೈ ಕಟಗೊಂಡು ಕುಂತಾರ. ಇವತ್ತ ಸುಣ್ಣ ಇಳೀಲಿಲ್ಲಂದ್ರ ಭಟ್ಟೀನೂ ಬ್ಯಾಡ, ನೀವೂ ಬ್ಯಾಡ!"

ಆವತ್ತೇ ಕುಕನೂರಿನಿಂದ ಕಾಳಿನ ವ್ಯಾಪಾರಿ ಬಸವಂತಪ್ಪನವರು ತಮ್ಮ ಮಗಳಿಗೆ ನನ್ನನ್ನು ನೋಡಲು ಬರುವವರಿದ್ದರು. ನೌಕರಿ ಹೋದ ವರನನ್ನು ನೋಡಲು ಯಾರೂ ಕಣ್ಣು ಸವೆಸುವುದಿಲ್ಲ. ನಾನೂ ಖಾಸಿಮಸಾಬನೂ ಉದ್ದನೆಯ ಹಾರೆ ಹಿಡಿದು ಕೆಳಗಿನಿಂದ ತಿವಿಯತೊಡಗಿದೆವು. ಮಧ್ಯಾಹ್ನದ ಹೊತ್ತಿಗೆ ಒಳಗೆ ಏನೋ ನರಳಿತು. "ಓಡ್ರಿ!" ಎಂದ ಖಾಸಿಮಸಾಬ. ಗಂಟು ಧಡಾರನೆ ಕುಸಿಯಿತು. ಬಾಯಿಂದ ಹೊರಟ ಬಿಳಿ ಧೂಳು ಹಗಲನ್ನೇ ನುಂಗಿತು.

ಧೂಳು ತೆಳುವಾದಾಗ ಎದುರಿಗೆ ಹಿರಿಯರೊಬ್ಬರು ನಿಂತಿದ್ದರು. ರುಮಾಲು, ಮೀಸೆ, ಕರಿಯ ಕೋಟು ಎಲ್ಲವೂ ಬಿಳಿ. ಕೆಮ್ಮುತ್ತ ನನ್ನನ್ನೇ ಕೇಳಿದರು: "ಯಜ್ಜಾ, ಇಲ್ಲಿ ಸೂಪರ್‌ವೈಜರ್ ಹುಡುಗ ಅದಾನಂತಲ್ಲ, ಎಲ್ಲಿ ಅದಾನ?"

"ನಾನ ರೀ."

ಅವರು ನನ್ನ ಬೆಳ್ಳಗಿನ ಹುಬ್ಬನ್ನು ದಿಟ್ಟಿಸಿ, "ವಯಸ್ಸು ಭಾಳ ಕಡಿಮಿ ಹೇಳಿದ್ರಲ್ಲ!" ಎಂದು ಗೊಣಗಿ, ಮುಖ ತೊಳೆಯಲು ನೀರಿನ ಕೊಡಕ್ಕೆ ಕೈ ಹಾಕಿದರು. ನಾನು ನೆಗೆದು ಆ ಕೈ ಹಿಡಿದುಕೊಂಡೆ.

"ನೀರು ಮುಟ್ಟಬ್ಯಾಡ್ರಿ! ಈಗ ಸುಟ್ಟ ಸುಣ್ಣ ಇದು. ನೀರು ತಾಕಿದ್ರ ಕುದೀತೈತಿ, ಮಾರಿ ಸುಡತೈತಿ!"

ಬಸವಂತಪ್ಪನವರನ್ನು ಕಲ್ಲಿನ ಮೇಲೆ ಕೂರಿಸಿ, ಒಣಬಟ್ಟೆಯಿಂದ ಧೂಳು ಜಾಡಿಸಿ, ಖಾಸಿಮಸಾಬನ ಬುತ್ತಿಗಂಟಿನಲ್ಲಿದ್ದ ಕುಸುಬಿ ಎಣ್ಣೆಯಿಂದ ಹಣೆ, ಕೆನ್ನೆ, ಮೀಸೆ ಎಲ್ಲ ತಿಕ್ಕಿದೆ. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿ ಕುಳಿತಿದ್ದರು. ಸಿಟ್ಟಾದರೋ ಎಂದು ನಾನು ಇನ್ನಷ್ಟು ಎಣ್ಣೆ ಸುರಿದೆ. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕಿತು; ನಗುತ್ತಿದ್ದರು.

"ಮದುವ್ಯಾಗ ವರಗ ಎಣ್ಣಿ ಹಚ್ಚೂದು ನೋಡೀನಿ. ಮಾವಗ ಹಚ್ಚೂದು ಇವತ್ತ ನೋಡಿದೆ, ತಮ್ಮಾ!"

ಮಾವ ಎಂದರಲ್ಲ! ಆ ಹೊತ್ತಿಗೆ ಭಟ್ಟಿಯ ಬಾಯಿಂದ ಸುಣ್ಣವೂ ಸಲೀಸಾಗಿ ಇಳಿಯುತ್ತಿತ್ತು. ಸಾವಕಾರರು ಎಲ್ಲರಿಗೂ ಚಹಾ ತರಿಸಿದರು.

ನೆಂಟರು ಬಂದಾಗಲೆಲ್ಲ ನನ್ನ ಸಮಯಪ್ರಜ್ಞೆಗೆ ಸಾಕ್ಷಿಯಾಗಿ ಈ ಪ್ರಸಂಗವನ್ನು ವರ್ಣಿಸುವುದು ನನ್ನ ಚಟ. ಒಳಗಿನಿಂದ ಹೆಂಡತಿ ನೀಲವ್ವನ ದನಿ ಕೇಳುತ್ತದೆ: "ಖರೇನ ಐತ್ರಿ. ನಮ್ಮಪ್ಪ ಇವರನ್ನ ಕಣ್ಣ ಮುಚಗೊಂಡ ಒಪ್ಪಿದ್ರು. ಕಣ್ಣ ಬಿಟ್ಟು ಸಂಸಾರ ಮಾಡಾಕತ್ತಾಕಿ ನಾನು!"