ಉದಯಪುರದಲ್ಲಿ ನಾನು ನೋಡಿದ್ದು

ನಾಲ್ಕು ಜನ ಸೇರಿ ಒಂದು ಊರು ನೋಡಲು ಹೋಗುವ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ಕೈಗೆ ಸಿಕ್ಕಿದರೆ ನಾನಂತೂ ಸುಮ್ಮನೆ ಬಿಡುವುದಿಲ್ಲ. ಇಸ್ಪೀಟಿಗೆ ನಾಲ್ಕು ಜನ ಬೇಕು, ಒಪ್ಪುತ್ತೇನೆ. ಮಂಚ ಎತ್ತಿ ಪಕ್ಕದ ಕೋಣೆಗೆ ಹಾಕಲು ನಾಲ್ಕು ಜನ ಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಊರು ನೋಡುವುದು ಒಬ್ಬನ ಕೆಲಸ. ಇಬ್ಬರಾದರೆ ಚರ್ಚೆ, ಮೂವರಾದರೆ ಪಂಚಾಯಿತಿ, ನಾಲ್ವರಾದರೆ ಯಾರಿಗೆ ಏನು ಬೇಕಿತ್ತೋ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿಕೊಂಡು ಬರುವುದು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕೋಪ ಬರುವಂಥ ಕೆಲಸವನ್ನೇ ಇಡೀ ಲೋಕ ಮಾಡುತ್ತಿರುವಾಗ ನಾನೊಬ್ಬ ಹಲ್ಲು ಕಿರಿದುಕೊಂಡು ಕೂತಿರಬೇಕೆ? ನಡೆದದ್ದನ್ನೆಲ್ಲ ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

ನಾನು ಗುಂಡ್ಲುಪೇಟೆಯವನು. ದಿನಾ ಬಸ್ಸು ಹಿಡಿದು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಗೆ ಹೋಗಿ, ಫೈಲು ತಿರುವಿ, ಸಂಜೆ ಅದೇ ರಸ್ತೆಯಲ್ಲಿ ತೂಕಡಿಸುತ್ತ ವಾಪಸು ಬರುತ್ತೇನೆ. ಈ ಕಡೆಯೂ ಕೆರೆಗಳಿವೆ ಎಂದು ನಕ್ಷೆ ಹೇಳುತ್ತದೆ. ನಾನು ಕಂಡಂತೆ ಅವು ವರ್ಷದ ಬಹುಪಾಲು ದನ ಮೇಯುವ, ಹುಡುಗರು ಕ್ರಿಕೆಟ್ ಆಡುವ ಜಾಗಗಳು. ಹೀಗಾಗಿ ಐವತ್ತು ದಾಟಿದರೂ ನಾನು ದೋಣಿ ಹತ್ತಿದವನಲ್ಲ. ಒಂದು ದಿನ ಬಸ್ಸಿನಲ್ಲಿ ಮೊಬೈಲು ನೋಡುತ್ತಿದ್ದಾಗ ಉದಯಪುರದ ಪಿಚೋಲಾ ಸರೋವರದ ಚಿತ್ರ ಬಂತು. ಮುಳುಗುವ ಸೂರ್ಯ, ನೀರಿನ ನಡುವೆ ಬಿಳಿ ಅರಮನೆ, ಅದರ ಮುಂದೆ ಒಂದು ದೋಣಿ, ದೋಣಿಯಲ್ಲಿ ಆರಾಮಾಗಿ ಒರಗಿ ಕೂತ ಒಬ್ಬ ಬೋಳುತಲೆಯ ಮನುಷ್ಯ. ಆ ಜಾಗದಲ್ಲಿ ನಾನು ಕೂತಿರಬೇಕು ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಬೋಳುತಲೆ ಹೇಗೂ ಸಿದ್ಧವಾಗಿತ್ತು. ರಜೆಯೂ ಬೇಕಾದಷ್ಟು ಬಾಕಿಯಿತ್ತು. ಉದಯಪುರದಲ್ಲಿ ಬೇರೇನು ಇದೆಯೋ ಇಲ್ಲವೋ ನನಗೆ ಬೇಕಾಗಿರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ನಾನು ಆ ನೀರಿನ ಮೇಲೆ ಇರಬೇಕು, ಅಷ್ಟೇ.

ಸುದ್ದಿ ಆಫೀಸಿನಲ್ಲಿ ಹಬ್ಬಿದ್ದೇ ತಡ, ನಂಜನಗೂಡು ದಾಟದವರೆಲ್ಲ ರಾಜಸ್ಥಾನದ ಪಂಡಿತರಾದರು. "ಸಾರ್, ಅಲ್ಲಿನ ಅರಮನೆ ನೋಡ್ದೆ ಬಂದ್ರೆ ನೀವು ಓಗಿದ್ದೇ ದಂಡ" ಎಂದ ನನ್ನ ಪಕ್ಕದ ಮೇಜಿನವನು. "ಮೈಸೂರು ಅರಮನೆ ನೋಡ್ದೋರ್ಗೆ ಇನ್ಯಾವ ಅರಮನೆ ಸಾರ್, ಬುಡಿ ಅತ್ಲಾಗಿ. ಬೆಟ್ಟದ ಮ್ಯಾಲೆ ಒಂದು ಕೋಟೆ ಅದಂತೆ, ಅಲ್ಲಿಗೋಗಿ" ಎಂದ ಎದುರಿನವನು. ನಾನು ದೋಣಿಯ ಮಾತೆತ್ತಿದಾಗ ಇಬ್ಬರೂ ಒಟ್ಟಿಗೆ ಕನಿಕರದಿಂದ ನೋಡಿದರು. "ಬೋಟಾ? ಬೋಟ್‌ಗೆ ಅಷ್ಟ್ ದೂರ ಯಾಕ್ ಸಾರ್? ಮೈಸೂರಿನ ಕಾರಂಜಿ ಕೆರೇಲೇ ಅದಲ್ಲ!" ನನ್ನ ಮೈಯೆಲ್ಲ ಉರಿದುಹೋಯಿತು. ಇವರ ಪ್ರಕಾರ ಜಗತ್ತಿನಲ್ಲಿ ಇರುವುದೆಲ್ಲ ಮೈಸೂರಿನಲ್ಲೂ ಇದೆ, ಆದ್ದರಿಂದ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ನೋಡಬೇಕಾದದ್ದು ಯಾವುದು ಎಂಬ ವಿಷಯದಲ್ಲಿ ಜನರ ಬುದ್ಧಿ ಯಾವಾಗಲೂ ಹೀಗೆಯೇ. ನಮ್ಮ ಗುಂಡ್ಲುಪೇಟೆಗೆ ಬರುವ ಪ್ರವಾಸಿಗಳನ್ನೇ ನೋಡಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜಿನಲ್ಲಿ ದೇವರು ಕೊಳಲು ಹಿಡಿದು ನಿಂತಿದ್ದಾನೆ. ಇವರು ಕಾರು ನಿಲ್ಲಿಸುವುದು ಎಲ್ಲಿ? ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲದಲ್ಲಿ! ಎಣ್ಣೆಗೆಂದು ಬೆಳೆದ ಗಿಡದ ನಡುವೆ ನುಗ್ಗಿ, ಹೂವಿನ ಪಕ್ಕ ಕೆನ್ನೆ ಇಟ್ಟು ಫೋಟೋ ತೆಗೆಸಿಕೊಂಡು, ಅಲ್ಲಿಂದಲೇ ಊಟಿಗೋ ಕೇರಳಕ್ಕೋ ಹೊರಟುಬಿಡುತ್ತಾರೆ. ಒಮ್ಮೆ ಒಂದು ಕುಟುಂಬಕ್ಕೆ ನಾನೇ ಬಸ್ಸಿನಿಂದ ಇಳಿದು ಬುದ್ಧಿ ಹೇಳಿದ್ದೆ. ಅವರು ನನ್ನನ್ನು ಹೊಲದ ಯಜಮಾನ ಎಂದುಕೊಂಡು ಕೈಗೆ ಹತ್ತು ರೂಪಾಯಿ ತುರುಕಿದರು. ಅಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ಇರಲಿ, ಉದಯಪುರಕ್ಕೆ ಬರುತ್ತೇನೆ. ನಾನು ಮತ್ತು ನನ್ನ ಹೆಂಡತಿ ಮಂಗಳ ಇಬ್ಬರೇ ಹೋಗುವುದೆಂದಿತ್ತು. ಮಂಗಳ ಅದನ್ನು ಫೋನಿನಲ್ಲಿ ತೆರಕಣಾಂಬಿಯ ನನ್ನ ಅಕ್ಕನಿಗೆ ಹೇಳಿದಳು. ಅಕ್ಕ ಅದನ್ನು ಭಾವನಿಗೆ ಹೇಳಿದಳು. ಅಲ್ಲಿಗೆ ನಾವು ನಾಲ್ವರಾದೆವು. ಭಾವ ಗುರುಮಲ್ಲಪ್ಪನವರು ಅರಿಶಿನ ಬೆಳೆಯುತ್ತಾರೆ, ಚಾಮರಾಜನಗರದಲ್ಲಿ ಅರಿಶಿನದ ಮಂಡಿಯನ್ನೂ ಇಟ್ಟಿದ್ದಾರೆ. ಹೊರಡುವ ಮೊದಲೇ ನಾನು ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ: "ಇರೋದು ಎರಡೇ ದಿನ. ಯಾರಿಗೆ ಏನು ನೋಡಬೇಕು, ಈಗಲೇ ಹೇಳಿ." ಅಕ್ಕ ತಡಮಾಡಲಿಲ್ಲ. "ಅಲ್ಲಿ ಏಕಲಿಂಗ ಅಂತ ಶಿವನ ಗುಡಿ ಅದಂತೆ. ಊರಿಗೇ ಅವ್ನೇ ರಾಜನಂತೆ. ನಾವು ಲಿಂಗ ಕಟ್ಕೊಂಡೋರು, ಅದ ಬುಟ್ಟು ಬರದುಂಟಾ?" ಮಂಗಳನಿಗೆ ಕಾರಂಜಿಗಳ ತೋಟ ಬೇಕಿತ್ತು. ಭಾವ ಮಾತ್ರ ಎಲೆಯಡಿಕೆ ಅಗಿಯುತ್ತ, "ನಂಗೇನಿಲ್ಲ ಕಣ್ಲಾ ಮಾದೇವ. ನೀವು ಎಲ್ಲಿಗೆ ಓಗನ ಅಂದ್ರೆ ಅಲ್ಲಿಗೆ ಬತ್ತೀನಿ" ಎಂದರು. ಓದುಗರೇ, ಪ್ರವಾಸದಲ್ಲಿ ಇಂಥವರನ್ನು ನಂಬಬೇಡಿ. ಬೇಕು ಎಂದವರ ಬೇಕು ಒಂದು ಕಡೆ ಮುಗಿಯುತ್ತದೆ, ಏನೂ ಬೇಡ ಎಂದವರದು ಎಲ್ಲಿ ಶುರುವಾಗುತ್ತದೋ ಹೇಳಲಾಗುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಭಾವ ಸ್ನಾನ ಮಾಡಿ ಲಾಡ್ಜಿನ ಕೋಣೆಯಲ್ಲಿ ಪೂಜೆಗೆ ಕೂತರು. ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸುವವರೆಗೆ ಅವರು ಹನಿ ನೀರನ್ನೂ ಮುಟ್ಟುವುದಿಲ್ಲ. ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಊರಿನಿಂದ ತಂದಿದ್ದ ಬಿಲ್ವಪತ್ರೆ ರೈಲಿನ ಸೆಕೆಗೆ ಕಪ್ಪಾಗಿತ್ತು. "ಪತ್ರೆ ಇಲ್ದೆ ಎಂಗ್ಲಾ?" ಎಂದು ಭಾವ ಪಂಚೆಯಲ್ಲೇ ಕೂತರು. ನಾನು ಆಟೋ ಹತ್ತಿ ಬಿಲ್ವಪತ್ರೆ ಹುಡುಕಿಕೊಂಡು ಉದಯಪುರದ ಗಲ್ಲಿಗಳನ್ನೆಲ್ಲ ಸುತ್ತಿದೆ. ಹೈಸ್ಕೂಲಿನಲ್ಲಿ ಹಿಂದಿ ಪಾಸು ಮಾಡಿದವನಾದರೂ ಬಿಲ್ವಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೂರು ಬೆರಳು ಮೇಲೆತ್ತಿ ಎಲೆಯ ಆಕಾರ ತೋರಿಸಿದೆ. ಆಟೋದವನು ಮೂರು ಜನಕ್ಕೆ ಲಾಡ್ಜು ಬೇಕೇನೋ ಎಂದುಕೊಂಡು ಕಂಡ ಕಂಡ ಲಾಡ್ಜಿನ ಮುಂದೆ ನಿಲ್ಲಿಸಿದ. ಕೊನೆಗೆ ಒಂದು ಗುಡಿಯ ಹಿಂದೆ ಮರ ಸಿಕ್ಕಿ, ಪೂಜೆ ಮುಗಿದು, ತಿಂಡಿಯಾಗಿ, ಊರಾಚೆಯ ಏಕಲಿಂಗನ ಗುಡಿ ತಲುಪಿದಾಗ ಬಾಗಿಲು ಹಾಕಿತ್ತು. ಮತ್ತೆ ತೆರೆಯುವುದು ಸಂಜೆ ಹತ್ತಿರವಾದ ಮೇಲೆ. "ಬಂದಿದೀವಿ, ಕಾಯನ ಬುಡು" ಎಂದಳು ಅಕ್ಕ, ಸೆರಗು ಹಾಸಿಕೊಂಡು. ದರ್ಶನವೇನೋ ಚೆನ್ನಾಗಿಯೇ ಆಯಿತು. ಶಿವನ ಮೇಲೆ ನನಗೆ ಕೋಪವಿಲ್ಲ. ಆದರೆ ನನ್ನ ಪಾಲಿನ ಒಂದು ಸೂರ್ಯಾಸ್ತ ವಾಪಸು ಬರುವ ದಾರಿಯಲ್ಲಿ, ಜೀಪಿನ ಕಿಟಕಿಯಲ್ಲಿ, ಒಂದು ಲಾರಿಯ ಹಿಂದೆ ಮುಳುಗಿತು.

ಉಳಿದದ್ದು ಒಂದೇ ಸಂಜೆ. ಆ ರಾತ್ರಿಯೇ ನಮ್ಮ ರೈಲು. ಎರಡನೆಯ ದಿನ ನಾನು ಎಚ್ಚರ ತಪ್ಪಲಿಲ್ಲ. ಬೆಳಿಗ್ಗೆಯೇ ದೋಣಿಕಟ್ಟೆಗೆ ಹೋಗಿ ಸೂರ್ಯ ಮುಳುಗುವ ಹೊತ್ತಿನ ಬೋಟಿಗೆ ನಾಲ್ಕು ಟಿಕೆಟ್ ತಂದು ಮಂಗಳನ ಪರ್ಸಿನಲ್ಲಿ ಇರಿಸಿದೆ. ಆಮೇಲೆ ತೋಟ ನೋಡಿದೆವು. ಮಂಗಳ ಪ್ರತಿ ಕಾರಂಜಿಯ ಮುಂದೆಯೂ ನಿಂತಳು, ನಾನು ಪ್ರತಿ ಕಾರಂಜಿಯ ಮುಂದೆಯೂ ಅವಳ ಫೋಟೋ ತೆಗೆದೆ, ಪ್ರತಿ ಫೋಟೋದಲ್ಲಿಯೂ ಅವಳು ಕಣ್ಣು ಮುಚ್ಚಿದ್ದಳು, ಅದಕ್ಕೂ ನಾನೇ ಕಾರಣನಾದೆ. ಅರಮನೆ ನೋಡಿದೆವು. ಬಣ್ಣದ ಗಾಜು, ಕನ್ನಡಿಯ ನವಿಲು, ರಾಜರ ಕತ್ತಿಗಳು ಎಲ್ಲವನ್ನೂ ಗೈಡು ವಿವರಿಸಿದ. ಭಾವ ಒಂದು ದೊಡ್ಡ ಹಜಾರದ ನಡುವೆ ನಿಂತು ತಲೆ ಎತ್ತಿ ಬಹಳ ಹೊತ್ತು ನೋಡಿದರು. ಕಲೆ ಅವರನ್ನೂ ತಟ್ಟಿತಲ್ಲ ಎಂದು ನಾನು ಸಂತೋಷದಿಂದ ಹತ್ತಿರ ಹೋದೆ. "ಗಾಳಿ ಚೆನ್ನಾಗಾಡ್ತದೆ ಕಣ್ಲಾ, ತೇವ ಇಲ್ಲ. ಇಲ್ಲಿ ಅರಿಸ್ನ ಸ್ಟಾಕ್ ಮಾಡುದ್ರೆ ಉಳಾನೇ ಬೀಳಲ್ಲ" ಎಂದರು. ಗೈಡು ಏನಂದರು ಎಂದು ಕೇಳಿದ. ಚೆನ್ನಾಗಿದೆ ಅಂದರು ಎಂದೆ.

ಬೋಟಿಗೆ ಇನ್ನೂ ಹೊತ್ತಿತ್ತು. ಆಗ ಬಂತು ನೋಡಿ, ಏನೂ ಬೇಡ ಎಂದವರ ಬೇಡಿಕೆ. "ಇಲ್ಲೇ ಎಲ್ಲೋ ಮಸಾಲೆ ಮಂಡಿ ಅದಂತಲ್ಲ ಮಾದೇವ, ಒಂದ್ ಗಳಿಗೆ ಓಗಿ ಬರನ" ಎಂದರು ಭಾವ. ನನಗೆ ಹೇಗಾಗಿರಬೇಕು ಹೇಳಿ! ವರ್ಷವಿಡೀ ಅರಿಶಿನದ ಮೂಟೆಗಳ ನಡುವೆ ಕೂತಿರುವ ಮನುಷ್ಯ, ಮೂಗಿನಲ್ಲಿ ಅರಿಶಿನ, ಅಂಗಿಯಲ್ಲಿ ಅರಿಶಿನ. ಅಂಥವರು ರೈಲಿನಲ್ಲಿ ದೇಶ ದಾಟಿ ಬಂದು ಸರೋವರದ ದಡದಲ್ಲಿ ನಿಂತು ಅರಿಶಿನ ನೋಡಬೇಕೆ? ಇದು ಅನ್ಯಾಯ, ಇದು ಉದಯಪುರಕ್ಕೆ ಮಾಡುವ ಅವಮಾನ ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ಭಾವ "ಊಂ ಊಂ" ಎನ್ನುತ್ತ ಮುಂದೆ ನಡೆದರು.

ಅಂಗಡಿಯ ಮುಂದೆ ಮೂಟೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಮೆಣಸಿನಕಾಯಿ, ಕೊತ್ತಂಬರಿ ದಾಟಿ ಭಾವನ ಕೈ ಸೀದಾ ಅರಿಶಿನಕ್ಕೆ ಹೋಯಿತು. ಒಂದು ಕೊಂಬು ಎತ್ತಿಕೊಂಡು ಲಟಕ್ಕನೆ ಮುರಿದರು, ಒಳಗಿನ ಬಣ್ಣ ನೋಡಿದರು, ಮೂಸಿದರು. "ನಮ್ಮ ಕಡೆದಿದ್ದಂಗದೆ ಕಣ್ಲಾ" ಎಂದರು. ಎಲ್ಲಿಯ ಮಾಲು ಎಂದು ನಾನು ಅಂಗಡಿಯವನನ್ನು ಕೇಳಿದೆ. ಅವನು ತಲೆಯನ್ನೂ ಎತ್ತದೆ "ಈರೋಡ್" ಎಂದ.

ಈರೋಡ್! ನಮ್ಮ ರೈತರು ಬೆಳೆದು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದ ಅರಿಶಿನ ಲಾರಿಯಲ್ಲಿ ಗಡಿ ದಾಟಿ ತಮಿಳುನಾಡಿನ ಈರೋಡ್ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಅದು ಈರೋಡಿನ ಅರಿಶಿನ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ದೂರದ ರಾಜಸ್ಥಾನದಲ್ಲಿ ಒಬ್ಬ ಮುಖಕ್ಕೆ ಹೇಳುವುದು ಬೇರೆ. "ಈರೋಡ್ ಅಲ್ಲ, ಚಾಮರಾಜನಗರ!" ಎಂದು ನನ್ನ ಹೈಸ್ಕೂಲು ಹಿಂದಿಯಲ್ಲಿ ಗುಡುಗಿದೆ. ಅಂಗಡಿಯವನು ಈಗ ತಲೆ ಎತ್ತಿದ. ಅದೆಲ್ಲಿದೆ ಎಂದ. ಹೇಳಿದೆ. ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅವನ ಮುಖ ಅರಳಿತು: "ಓ, ಈರೋಡಿನ ಹತ್ತಿರವೇ?"

ನನ್ನ ತಲೆ ಕೆಟ್ಟುಹೋಯಿತು. ಭಾವ ನನ್ನ ತೋಳು ಹಿಡಿದು, "ಬುಡ್ಲಾ ಅತ್ಲಾಗಿ. ಈರೋಡ್ಗೆ ಲೋಡ್ ಕಳ್ಸೋನೇ ನಾನು, ನಂಗೇ ಇಲ್ದ ಸಿಟ್ಟು ನಿಂಗ್ಯಾಕೆ? ಅದೂ ಅಲ್ದೆ ಇದು ಈರೋಡಿಂದೇ ಇದ್ರೂ ಇರಬೌದು. ಅರಿಸ್ನ ಏನು ಮಾತಾಡ್ತದಾ?" ಎಂದರು. "ರೀ, ಬೋಟ್ ಒಂಟೋಯ್ತದೆ" ಎಂದಳು ಮಂಗಳ. "ನೀವು ನಡೀತಾ ಇರಿ. ಎರಡು ಮಾತು ಹೇಳಿ ಬಂದುಬಿಡ್ತೀನಿ" ಎಂದೆ.

ಅವರು ಹೊರಟರು. ನಾನು ಗಲ್ಲಾದ ಮೇಲೆ ಒಂದು ಒಣಮೆಣಸಿನಕಾಯಿ ಇಟ್ಟು ಅದನ್ನು ಮೈಸೂರು ಎಂದೆ. ಅದರ ಕೆಳಗೆ ಅರಿಶಿನದ ಕೊಂಬು, ಚಾಮರಾಜನಗರ. ದೂರದಲ್ಲಿ ಒಂದು ಲವಂಗ, ಈರೋಡ್. ನಡುವೆ ದಾಲ್ಚಿನ್ನಿ ಚಕ್ಕೆ ಜೋಡಿಸಿ ಕಾಡು, ಬೆಟ್ಟ, ಗಡಿ ಎಲ್ಲ ಮಾಡಿದೆ. ಗಿರಾಕಿಗಳು ಸುತ್ತ ನಿಂತರು. ಅಂಗಡಿಯವನು ನನಗೆ ಚಹಾ ತರಿಸಿದ, ಕೂರಲು ಸ್ಟೂಲು ಕೊಟ್ಟ. ನಾನು ನಮ್ಮ ಕೆಂಪು ಮಣ್ಣಿನಿಂದ ಹಿಡಿದು ಅರಿಶಿನ ಬೇಯಿಸುವ ಹಬೆಯ ವಾಸನೆಯವರೆಗೆ ವಿವರಿಸಿದೆ. ಅಂಗಡಿಯವನು ಕೈಮುಗಿದು, "ಆಯಿತು ಯಜಮಾನರೇ, ಇದು ನಿಮ್ಮೂರಿನದೇ. ಎಷ್ಟು ಕಟ್ಟಲಿ?" ಎಂದ. ಅಷ್ಟು ದೊಡ್ಡ ಗೆಲುವಿನ ನಂತರ ಬರಿಗೈಯಲ್ಲಿ ಎದ್ದು ಬರುವುದು ಮರ್ಯಾದೆಯಲ್ಲ. ಎರಡು ಕೆಜಿ ಎಂದೆ.

ಚೀಲ ಹಿಡಿದು ದೋಣಿಕಟ್ಟೆಗೆ ಓಡಿದಾಗ ನೀರು ಬೂದಿಬಣ್ಣಕ್ಕೆ ತಿರುಗಿತ್ತು. ಸೂರ್ಯನ ಸುಳಿವಿಲ್ಲ. ಒಂದು ಬೋಟು ದಡಕ್ಕೆ ಬರುತ್ತಿತ್ತು. ಅದರ ಮುಂದಿನ ಸಾಲಿನಲ್ಲಿ ಏನೂ ಬೇಡದ ನಮ್ಮ ಭಾವ ಎರಡು ಕೈ ಚಾಚಿ ಒರಗಿದ್ದರು. "ಎಂಥಾ ಚೆಂದ ಇತ್ತು ಕಣ್ಲಾ! ನೀರೆಲ್ಲ ಚಿನ್ನದಂಗೆ ಒಳೀತಿತ್ತು. ನಿನ್ ಸೀಟ್ ಖಾಲಿ ಇತ್ತಲ್ಲ, ನಮ್ ಬ್ಯಾಗ್ ಮಡಗಿದ್ವಿ" ಎಂದಳು ಅಕ್ಕ. ಮಂಗಳ ನನ್ನ ಕೈಯ ಚೀಲದೊಳಗೆ ಇಣುಕಿ ನೋಡಿದಳು. ಪರ್ಸಿನಿಂದ ನನ್ನ ಪಾಲಿನ ಟಿಕೆಟ್ ತೆಗೆದು ಕೈಗಿಟ್ಟಳು. ಅವಳು ಬೈದಿದ್ದರೂ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಆ ನೀರನ್ನು ನೋಡುತ್ತ ನಿಂತಾಗ ನಿಜವಾಗಿಯೂ ನನಗೆ ಅಳು ಬಂದಿತ್ತು, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಹೀಗೆ ನಾನು ಚಾಮರಾಜನಗರ ಜಿಲ್ಲೆಗೆ ಅರಿಶಿನ ಹೊತ್ತು ತಂದೆ. ಮಂಗಳ ಅದನ್ನು ಮಿಲ್ಲಿನಲ್ಲಿ ಪುಡಿ ಮಾಡಿಸಿ, ಉದಯಪುರದಿಂದ ತಂದದ್ದೆಂದು ಬೀದಿಗೆಲ್ಲ ಹಂಚಿದಳು. ಮೊನ್ನೆ ಭಾನುವಾರ ಎದುರು ಮನೆಯ ಶಾರದಮ್ಮನವರು ಖಾಲಿ ಡಬ್ಬಿ ಹಿಡಿದು ಮತ್ತೆ ಬಂದರು. "ಇನ್ನೊಂದ್ ಚೂರು ಇದ್ರೆ ಕೊಡಿ ಮಂಗಳಕ್ಕ. ಆಹಾ, ಏನ್ ಬಣ್ಣ, ಏನ್ ಗಮ! ನಮ್ ಕಡೆ ಅರಿಸ್ನನೂ ಅದೆ, ಬೆಂಕಿ ಬಿತ್ತು" ಎಂದರು. ನಾನು ಕುರ್ಚಿಯಿಂದ ಎದ್ದೆ. ಮಂಗಳ ನನ್ನ ಕಡೆ ತಿರುಗಿಯೂ ನೋಡದೆ, "ಕೂತ್ಕೊಳಿ. ಇನ್ನೊಂದ್ ಬೋಟ್ ಒಂಟೋಯ್ತದೆ" ಎಂದಳು.

ಕೂತುಕೊಂಡೆ. ಆದರೆ ಶಾರದಮ್ಮನವರು ಗೇಟು ದಾಟುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೊರಟಿದ್ದೆ.